ಡ್ರಿಲ್‌ಗಿಂತ ಮಿಕ್ಸಿ, ಗ್ರೈಂಡರ್ ದುಬಾರಿ ಏಕೆ?

ಪ್ರಶ್ನೆ: ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಯೊಂದರಲ್ಲಿ 600 ವ್ಯಾಟ್‌ನ ಡ್ರಿಲ್ ಯಂತ್ರ ಸುಮಾರು 2,000 ರೂಪಾಯಿಗೆ ಸಿಕ್ಕಿತು. 750 ವ್ಯಾಟ್‌ನ ಮಿಕ್ಸಿಗೆ 5,000 ರೂಪಾಯಿ ಕೊಡಬೇಕಾಯಿತು. ಬರೀ 150 ವ್ಯಾಟ್‌ನ ವೆಟ್ ಗ್ರೈಂಡರ್‌ಗೆ ಅದಕ್ಕಿಂತಲೂ ಹೆಚ್ಚು ಬೆಲೆ ಹೇಳುತ್ತಾರೆ. ಗೋಡೆ ಕೊರೆಯುವ ಯಂತ್ರ ಇಷ್ಟು ಅಗ್ಗವೆಂದರೆ ಕಳಪೆಯದ್ದೇ ಇರಬೇಕೆ?
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ವ್ಯಾಟ್ ನೋಡಿ ಬೆಲೆ ಅಳೆಯಲು ಹೊರಟಿದ್ದರಿಂದ ಈ ಗೊಂದಲ ಹುಟ್ಟಿದೆ. ಮೋಟಾರಿನ ಬೆಲೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದರೊಳಗಿನ ತಾಮ್ರ ಮತ್ತು ಕಬ್ಬಿಣದ ತೂಕ. ಆ ತೂಕವನ್ನು ನಿರ್ಧರಿಸುವುದು ಮೋಟಾರು ಕೊಡಬೇಕಾದ ತಿರುಗಿಸುವ ಬಲ, ಅಂದರೆ ಟಾರ್ಕ್. ಟಾರ್ಕ್ ಮತ್ತು ವೇಗ ಇವೆರಡರ ಗುಣಲಬ್ಧವೇ ಶಕ್ತಿ, ಅಂದರೆ ವ್ಯಾಟ್ ಆದ್ದರಿಂದ, ವೇಗ ಹೆಚ್ಚಿಸಿದರೆ ಅಷ್ಟೇ ವ್ಯಾಟ್ ಅನ್ನು ಪುಟ್ಟ ಮೋಟಾರಿನಿಂದ ಪಡೆಯಬಹುದು. ಡ್ರಿಲ್‌ನಲ್ಲಿರುವುದು ಕಾರ್ಬನ್ ಬ್ರಷ್‌ಗಳುಳ್ಳ (ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ, ಕ್ರಮೇಣ ಸವೆಯುವ ಕಾರ್ಬನ್ ತುಂಡುಗಳು) ಯೂನಿವರ್ಸಲ್ ಎಂಬ ಜಾತಿಯ ಮೋಟಾರು. ಅದು ನಿಮಿಷಕ್ಕೆ 25,000 ಸುತ್ತಿನ ಆಸುಪಾಸಿನಲ್ಲಿ ತಿರುಗಿ, ಗಿಯರುಗಳ ಮೂಲಕ ಬಿಟ್‌ಗೆ (ತೂತು ಕೊರೆಯುವ ಕಡ್ಡಿಗೆ) ಬೇಕಾದ ವೇಗಕ್ಕೆ ಇಳಿಯುತ್ತದೆ. ವೆಟ್ ಗ್ರೈಂಡರ್‌ನಲ್ಲಿರುವ, ಬ್ರಷ್ ಇಲ್ಲದ ಇಂಡಕ್ಷನ್ ಮೋಟಾರಾದರೋ ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಿಮಿಷಕ್ಕೆ 3,000 ಸುತ್ತನ್ನು ಮೀರಲಾರದು. ಸಾಮಾನ್ಯವಾಗಿ 1,440ರ ಸುಮಾರಿಗೆ ಓಡುತ್ತದೆ. ಲೆಕ್ಕ ಹಾಕಿದರೆ ಆ 150 ವ್ಯಾಟ್ ಮೋಟಾರು ನಿಮ್ಮ 600 ವ್ಯಾಟ್ ಮೋಟಾರಿಗಿಂತ ನಾಲ್ಕು ಪಟ್ಟಿನಷ್ಟು ಟಾರ್ಕ್ ಕೊಡಬೇಕಾಗುತ್ತದೆ. ಆದ್ದರಿಂದ ಅದು ದಪ್ಪ, ಭಾರ, ದುಬಾರಿ. ಗ್ರಾನೈಟ್ ಕಲ್ಲು ಮತ್ತು ಸ್ಟೀಲ್ ಡ್ರಮ್ಮಿನ ಖರ್ಚು ಬೇರೆ. ದೋಸೆ ಹಿಟ್ಟು ನುಣ್ಣಗಾಗುವವರೆಗೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಒಂದೇ ಸಮನೆ ಓಡಿದರೂ ಅದು ಹೆಚ್ಚು ಸದ್ದು ಮಾಡದು; ಸವೆಯುವ ಬ್ರಷ್ ಕೂಡ ಅದರಲ್ಲಿಲ್ಲ.

ಮಿಕ್ಸಿಯ ಕಥೆ ಬೇರೆ. ಅದರೊಳಗಿನ ಮೋಟಾರು ಡ್ರಿಲ್‌ನದೇ ಜಾತಿಯದು, ಬೆಲೆಯಲ್ಲೂ ಬಹಳ ವ್ಯತ್ಯಾಸವಿರಲಾರದು. ನೀವು ಹೆಚ್ಚು ತೆತ್ತಿರುವುದು ಮೂರು ಸ್ಟೀಲ್ ಜಾರು, ಬ್ಲೇಡು, ಹೊಳೆಯುವ ಹೊರಕವಚ, ಜಾಹೀರಾತು, ಷೋರೂಮಿನ ಬಾಡಿಗೆ ಹಾಗೂ ವರ್ಷಗಟ್ಟಲೆಯ ವಾರಂಟಿಗಾಗಿ. ತೆರಿಗೆಯನ್ನು ದೂರುವಂತಿಲ್ಲ, 2018ರ ಜುಲೈನಲ್ಲಿ ಮಿಕ್ಸಿಯ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿದ ಮೇಲೆ ಡ್ರಿಲ್, ಮಿಕ್ಸಿ ಎರಡಕ್ಕೂ ಒಂದೇ ದರ. ಡ್ರಿಲ್‌ನಂಥ ಉಪಕರಣಗಳ ತಯಾರಕರಿಗೆ ಇನ್ನೊಂದು ಅನುಕೂಲವಿದೆ: ಒಂದೇ ವಿನ್ಯಾಸದ ಮೋಟಾರನ್ನು ಡ್ರಿಲ್, ಆಂಗಲ್ ಗ್ರೈಂಡರ್ (ತಿರುಗುವ ಚಕ್ರದಿಂದ ಲೋಹ ಕತ್ತರಿಸುವ, ಉಜ್ಜುವ ಕೈಯಂತ್ರ), ಮಾರ್ಬಲ್ ಕಟರ್ ಮೂರಕ್ಕೂ ಅಲ್ಪಸ್ವಲ್ಪ ಬದಲಾವಣೆಯೊಡನೆ ಹೊಂದಿಸಬಹುದು. ಕಿವಿಗಡಚಿಕ್ಕುವ ಸದ್ದಿಗೂ ಒರಟು ನೋಟಕ್ಕೂ ಕೊಳ್ಳುವವರು ತಕರಾರು ಮಾಡುವುದಿಲ್ಲ. ಆಮೇಲೆ ಬಿಟ್, ಕಟಿಂಗ್ ಚಕ್ರ ಮತ್ತು ಬ್ಲೇಡುಗಳ ಮಾರಾಟದಿಂದಲೂ ಲಾಭ ಬರುತ್ತದೆ.

ಹೀಗಾಗಿ ಅಗ್ಗವೆಂಬ ಒಂದೇ ಕಾರಣಕ್ಕೆ ನಿಮ್ಮ ಡ್ರಿಲ್ ಕಳಪೆಯೆನ್ನಲಾಗದು. ಕರ್ಟನ್ ರಾಡು, ಶೆಲ್ಫುಗಳಿಗೆ ಆಗೊಮ್ಮೆ ಈಗೊಮ್ಮೆ ತೂತು ಹಾಕಲು ಅದು ಧಾರಾಳವಾಗಿ ಸಾಕು. ದಿನವಿಡೀ ಕಾಂಕ್ರೀಟ್ ಕೊರೆಯುವ ಕೆಲಸಕ್ಕೆ ಸಾಲದು, ಬೇರಿಂಗು ಮತ್ತು ಗಿಯರುಗಳಲ್ಲಿ ಮಾಡಿದ ಉಳಿತಾಯ ಅಲ್ಲಿ ಬಯಲಾಗುತ್ತದೆ. ಅಗ್ಗವೆಂದು ಆಂಗಲ್ ಗ್ರೈಂಡರನ್ನೂ ಕೊಂಡರೆ ಅದರ ಗಾರ್ಡ್ (ಚಕ್ರದ ಮೇಲಿನ ರಕ್ಷಣಾ ಕವಚ) ಮಾತ್ರ ಬಿಚ್ಚಬೇಡಿ, ಮರ ಕೊಯ್ಯುವ ಹಲ್ಲಿನ ಬ್ಲೇಡನ್ನೂ ಹಾಕಬೇಡಿ. ನಮ್ಮ ಊರಿನ ಅನೇಕ ಬಡಗಿಗಳು ಹಾಗೆ ಮಾಡುತ್ತಾರೆಂಬುದು ಅನುಕರಿಸಲು ಕಾರಣವಲ್ಲ. ಡ್ರಿಲ್‌ಗೆ ಒಂದು ಜೊತೆ ಕಾರ್ಬನ್ ಬ್ರಷ್ಷನ್ನು ಈಗಲೇ ತಂದಿಟ್ಟುಕೊಳ್ಳಿ. ಅದೇ ಅಳತೆಯದು ಮುಂದೆ ಸಿಗದೆ ಹೋದರೆ ಚೆನ್ನಾಗಿರುವ ಮೋಟಾರೂ ಮೂಲೆ ಸೇರಬೇಕಾಗುತ್ತದೆ.