ಕಾನ್ಸ್ಟ್ ಅಂತ ಬರೆದರೂ ಅರೇ (array) ಬದಲಾಯ್ತಲ್ಲ, ಯಾಕೆ?

ಪ್ರಶ್ನೆ: ಸರ್, ನಾನು ಬಿಸಿಎ ಎರಡನೇ ವರ್ಷದಲ್ಲಿದ್ದೇನೆ. ಜಾವಾಸ್ಕ್ರಿಪ್ಟ್‌ನಲ್ಲಿ ಲೆಟ್ (let) ಅಂತ ಬರೆದರೆ ವೇರಿಯಬಲ್‌ನ ವ್ಯಾಲ್ಯೂ ಬದಲಾಯಿಸಬಹುದು, ಕಾನ್ಸ್ಟ್ (const) ಅಂತ ಬರೆದರೆ ಆಗಲ್ಲ ಅಂತ ಓದಿದ್ದೆ. ಆದರೆ ಕಾನ್ಸ್ಟ್ ಅರೇಗೆ, ಅಂದರೆ ಪಟ್ಟಿಗೆ, ಪುಷ್ (push) ಮಾಡಿ ಹೊಸದೊಂದು ಸೇರಿಸಿದರೆ ಎರರ್ ಬರಲೇ ಇಲ್ಲ, ಸುಮ್ನೆ ಸೇರಿಕೊಂಡಿತು. ಹಾಗಾದರೆ ಕಾನ್ಸ್ಟ್ ಇದ್ದು ಏನು ಪ್ರಯೋಜನ? ಯಾವಾಗ ಯಾವುದನ್ನು ಬಳಸಬೇಕು?

ಉತ್ತರ: ನೀವು ಓದಿದ್ದು ತಪ್ಪಲ್ಲ, ಅರ್ಧ ಮಾತ್ರ. ಕಾನ್ಸ್ಟ್ ಬೀಗ ಹಾಕುವುದು ಹೆಸರಿಗೆ. ಆ ಹೆಸರು ತೋರಿಸುವ ವಸ್ತುವಿಗಲ್ಲ.

ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ಡಬ್ಬಿಗೆ ಹೆಸರು ಕೆತ್ತಿಸುತ್ತೇವಲ್ಲ, ಅದನ್ನು ನೆನೆಸಿಕೊಳ್ಳಿ. ಅಜ್ಜಿಯ ಹೆಸರು ಕೆತ್ತಿದ ಮೇಲೆ ಅದನ್ನು ಕಿತ್ತು ಇನ್ನೊಂದು ಡಬ್ಬಿಗೆ ಹಾಕೋಕೆ ಆಗಲ್ಲ. ಆದರೆ ಡಬ್ಬಿಯೊಳಗೆ ಇವತ್ತು ಚಕ್ಕುಲಿ, ನಾಳೆ ಕೋಡುಬಳೆ. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಕಾನ್ಸ್ಟ್ ಅಂದರೆ ಕೆತ್ತಿದ ಹೆಸರು. ಲೆಟ್ ಅಂದರೆ ಅಂಟಿಸಿದ ಚೀಟಿ, ಬೇಕಾದಾಗ ಕಿತ್ತು ಬೇರೆ ಡಬ್ಬಿಗೆ ಅಂಟಿಸಬಹುದು.

ಕಾನ್ಸ್ಟ್ ಊರುಗಳು = ["ಹಾಸನ", "ಮಂಡ್ಯ"];
ಊರುಗಳು.ಪುಷ್("ತುಮಕೂರು");
ಊರುಗಳು = ["ಬೀದರ್"];

(ಕಾನ್ಸ್ಟ್, ಪುಷ್ ಇಂಥ ಭಾಷೆಯದೇ ಪದಗಳನ್ನು ಇಂಗ್ಲಿಷಿನಲ್ಲೇ ಬರೆಯಬೇಕು. ಆದರೆ 'ಊರುಗಳು' ಅನ್ನುವ ವೇರಿಯಬಲ್ ಹೆಸರು ಕನ್ನಡದಲ್ಲಿದ್ದರೂ ಜಾವಾಸ್ಕ್ರಿಪ್ಟ್ ಒಪ್ಪುತ್ತದೆ. ಒಮ್ಮೆ ಪ್ರಯತ್ನಿಸಿ, ಖುಷಿಯಾಗುತ್ತದೆ.)

ಎರಡನೇ ಸಾಲು ತಕರಾರಿಲ್ಲದೆ ಓಡುತ್ತದೆ. ಮೂರನೇ ಸಾಲಿಗೆ ಟೈಪ್‌ಎರರ್ ಬರುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ '=' ಚಿಹ್ನೆ. ಪುಷ್ ಮಾಡಿದಾಗ ಅದೇ ಡಬ್ಬಿಗೆ ಇನ್ನೊಂದು ಊರು ಬಿತ್ತು. ಮೂರನೇ ಸಾಲಿನಲ್ಲಿ ನೀವು ಹೊಸ ಡಬ್ಬಿ ತಂದು ಹಳೇ ಹೆಸರು ಹಚ್ಚಲು ಹೋದಿರಿ.

ನಂಬರ್, ಸ್ಟ್ರಿಂಗ್ ವಿಷಯದಲ್ಲಿ ಈ ಗೊಂದಲ ಇಲ್ಲ. ಅವುಗಳ ಒಳಗೆ ಕೈ ಹಾಕಿ ಏನನ್ನೂ ಬದಲಾಯಿಸಲು ಬರುವುದಿಲ್ಲ. ಪಾಠದಲ್ಲಿ ಮೊದಲ ಉದಾಹರಣೆ ಯಾವಾಗಲೂ ನಂಬರೇ ಆಗಿರುತ್ತದೆ. ಅದಕ್ಕೇ ಆ ಅರ್ಧ ಸತ್ಯ ಪೂರ್ತಿ ಸತ್ಯದ ಹಾಗೆ ತಲೆಯಲ್ಲಿ ಕೂತುಬಿಡುತ್ತದೆ.

ನನಗೂ ಇದು ಒಮ್ಮೆ ಚೆನ್ನಾಗಿ ಕೈಕೊಟ್ಟಿದೆ. ಒಂದು ಅಂಗಡಿಗೆ ಬಿಲ್ಲಿಂಗ್ ಪ್ರೋಗ್ರಾಂ ಬರೆಯುತ್ತಿದ್ದೆ. 'ಬಿಲ್ಲುಗಳು' ಅಂತ ಒಂದು ಕಾನ್ಸ್ಟ್ ಅರೇ. ಒಂದು ಕಡೆ ಅವು ನಂಬರ್ ಪ್ರಕಾರ ಕಾಣಬೇಕು, ಇನ್ನೊಂದು ಕಡೆ ದೊಡ್ಡ ಮೊತ್ತದ ಐದು ಬಿಲ್ಲು ಮಾತ್ರ. ಎರಡನೆಯದಕ್ಕೆ ಅದೇ ಅರೇ ಮೇಲೆ, ಮೊತ್ತದ ಪ್ರಕಾರ ಜೋಡಿಸಲು, ಸಾರ್ಟ್ (sort) ಕರೆದೆ. ಸಾರ್ಟ್ ಹೊಸ ಅರೇ ಮಾಡಿಕೊಡುವುದಿಲ್ಲ, ಇರುವುದನ್ನೇ ಕಲಸಿ ಜೋಡಿಸುತ್ತದೆ. ಮಾರನೇ ದಿನ ಅಂಗಡಿಯವರ ಫೋನ್: "ಬಿಲ್ ನಂಬರೆಲ್ಲ ಹಿಂದೆ ಮುಂದೆ ಆಗಿದೆ ನೋಡಿ." ಕಾನ್ಸ್ಟ್ ಇದೆಯಲ್ಲ ಅನ್ನುವ ಧೈರ್ಯದಲ್ಲಿ ಆ ಸಾಲಿನ ಕಡೆ ತಿರುಗಿಯೂ ನೋಡಲಿಲ್ಲ. ಅರ್ಧ ದಿನ ಡೇಟಾಬೇಸ್ ಕೆದಕುತ್ತಾ ಕೂತೆ. ಕೊನೆಗೆ ಸಾರ್ಟ್‌ಗೆ ಮೊದಲು [...ಬಿಲ್ಲುಗಳು] ಅಂತ ನಕಲು ಮಾಡಿಕೊಂಡೆ, ಸರಿಹೋಯಿತು. ಈಗಾದರೆ ಟುಸಾರ್ಟೆಡ್ (toSorted) ಇದೆ. ಜಾವಾಸ್ಕ್ರಿಪ್ಟ್‌ನ 2023ರ ಆವೃತ್ತಿಯಲ್ಲಿ ಬಂದದ್ದು, ಮೂಲ ಅರೇಯನ್ನು ಮುಟ್ಟುವುದಿಲ್ಲ.

ಡಬ್ಬಿಯ ಮುಚ್ಚಳಕ್ಕೂ ಬೀಗ ಬೇಕು ಅಂದರೆ ಆಬ್ಜೆಕ್ಟ್.ಫ್ರೀಜ್ (Object.freeze) ಬಳಸಿ. ಆಮೇಲೆ ಪುಷ್ ಮಾಡಿದರೆ ಎರರ್ ಬರುತ್ತದೆ. ಆದರೆ ಅದೂ ಹೊರಗಿನ ಡಬ್ಬಿಗೆ ಮಾತ್ರ. ಒಳಗೆ ಇನ್ನೊಂದು ಡಬ್ಬಿ ಇದ್ದರೆ ಅದು ತೆರೆದೇ ಇರುತ್ತದೆ.

ಎಲ್ಲ ಭಾಷೆಗಳೂ ಹೀಗಲ್ಲ. ರಸ್ಟ್‌ನಲ್ಲಿ ಲೆಟ್ ಅಂತಷ್ಟೇ ಬರೆದ ವೆಕ್ಟರ್‌ಗೆ (ಅಲ್ಲಿಯ ಅರೇಯಂಥ ಪಟ್ಟಿ) ಪುಷ್ ಮಾಡಿದರೆ ಕಂಪೈಲ್ ಕೂಡ ಆಗದು. ಬದಲಾಯಿಸಬೇಕಾದರೆ ಲೆಟ್ ಮ್ಯೂಟ್ (let mut) ಅಂತ ಮೊದಲೇ ಹೇಳಿರಬೇಕು. ಸ್ವಿಫ್ಟ್‌ನಲ್ಲಿ ಲೆಟ್ ಅಂದರೆ ಅರೇಯೂ ಪೂರ್ತಿ ಗಟ್ಟಿ. ನೋಡಿ, ಅದೇ 'ಲೆಟ್' ಪದ ಜಾವಾಸ್ಕ್ರಿಪ್ಟ್‌ನಲ್ಲಿ ನೇರ ಉಲ್ಟಾ! ಎರಡು ಭಾಷೆ ಒಟ್ಟಿಗೆ ಕಲಿಯುವವರ ಪಾಡು ಬೇಡ.

ಇನ್ನು ಯಾವಾಗ ಯಾವುದು? ನಾನಂತೂ ಎಲ್ಲಕ್ಕೂ ಮೊದಲು ಕಾನ್ಸ್ಟ್ ಬರೆಯುತ್ತೇನೆ. ಎರರ್ ಬಂದ ಕಡೆ, ಇದಕ್ಕೆ ನಿಜಕ್ಕೂ ಮತ್ತೆ '=' ಬೇಕಾ ಅಂತ ಯೋಚಿಸಿ ಲೆಟ್ ಮಾಡುತ್ತೇನೆ. ಮೊತ್ತ ಕೂಡಿಸುತ್ತಾ ಹೋಗುವ ವೇರಿಯಬಲ್, ಐ++ ಇರುವ ಫಾರ್ ಲೂಪ್, ಹೆಚ್ಚುಕಡಿಮೆ ಇಷ್ಟಕ್ಕೇ ಲೆಟ್ ಬೇಕಾಗುವುದು. ಪ್ರಯೋಜನ ಏನು ಅಂದಿರಿ ಅಲ್ವಾ? ಬೇರೆಯವರು ಬರೆದ 200 ಸಾಲಿನ ಫಂಕ್ಷನ್ ಓದುವಾಗ ಗೊತ್ತಾಗುತ್ತದೆ. ಕಾನ್ಸ್ಟ್ ಕಂಡರೆ ಆ ಹೆಸರು ಕೆಳಗೆಲ್ಲೋ ಬೇರೆಯದನ್ನು ತೋರಿಸಬಹುದಾ ಅಂತ ಹುಡುಕುವ ಕೆಲಸವೇ ಇಲ್ಲ.

ಹಳೇ ಕೋಡ್‌ನಲ್ಲಿ ವೇರಿಯಬಲ್‌ಗೆ ವಾರ್ (var) ಅಂತ ಬರೆದದ್ದೂ ಕಾಣುತ್ತದೆ. ಲೆಟ್, ಕಾನ್ಸ್ಟ್ ಎರಡೂ ಸ್ಟ್ಯಾಂಡರ್ಡ್ ಸೇರಿದ್ದು 2015ರಲ್ಲಿ, ಅಲ್ಲಿಯವರೆಗೆ ಎಲ್ಲರೂ ವಾರ್‌ನಲ್ಲೇ ಕಾಲ ಹಾಕಿದರು. ಇಫ್ ಬ್ಲಾಕ್ ಒಳಗೆ ಬರೆದ ವಾರ್ ಬ್ಲಾಕ್‌ನಿಂದ ಆಚೆಗೂ ಇಣುಕುತ್ತದೆ. ಕಂಡರೆ ಅರ್ಥ ಮಾಡಿಕೊಳ್ಳಿ, ಹೊಸದಾಗಿ ಬರೆಯಲು ಹೋಗಬೇಡಿ.