ಥೈರಾಯ್ಡ್ ಅಂತ ಗೊತ್ತಾಯ್ತು, ಹಾಗಾದ್ರೆ ಖಿನ್ನತೆ ಸುಳ್ಳಾ?

ಓದುಗರೊಬ್ಬರ ಪತ್ರದ ಸಾರ: "ನನ್ನ ಅಕ್ಕನಿಗೆ 47 ವರ್ಷ. ಒಂದು ವರ್ಷದಿಂದ ಸದಾ ಮಲಗಿರ್ತಾಳೆ, ಮಾತು ಕಮ್ಮಿ, ಸುಮ್ ಸುಮ್ನೆ ಅಳು. ಎಲ್ಲರಿಗೂ ಸೆಕೆ ಆಗುವಾಗ ಅವಳು ಸ್ವೆಟರ್ ಹಾಕಿ ಕೂತಿರ್ತಾಳೆ. ಫೋನಿನಲ್ಲಿ ದನಿ ಕೇಳಿ ಬೇರೆ ಯಾರೋ ಅಂದ್ಕೊಂಡೆ. ಖಿನ್ನತೆ ಅಂತ ಮಾತ್ರೆ ಕೊಟ್ಟರು, ಅಷ್ಟೇನೂ ಗುಣ ಕಾಣಲಿಲ್ಲ. ಬೇರೆ ವೈದ್ಯರು ರಕ್ತ ಪರೀಕ್ಷೆ ಮಾಡಿಸಿದರೆ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ದುಡಿಸುವ ಹಾರ್ಮೋನು; ಥೈರಾಯ್ಡ್ ಕಮ್ಮಿಯಾದರೆ ಇದು ಏರುತ್ತದೆ) 60 ದಾಟಿತ್ತು. 'ಇವಳ ತಲೆ ಸರಿಯಾಗೇ ಇದೆ, ಬರೀ ಥೈರಾಯ್ಡ್' ಅಂತ ಭಾವ ಈಗ ಎಲ್ಲರಿಗೂ ಹೇಳ್ತಿದ್ದಾರೆ. ಖಿನ್ನತೆಯ ಮಾತ್ರೆ ನಿಲ್ಲಿಸಬಹುದಾ?"

ಸಂಪಾದಕರ ಉತ್ತರ:

ನಿಲ್ಲಿಸಬೇಡಿ, ನೀವಾಗಿ ಅಂತೂ ಬೇಡವೇ ಬೇಡ. ಈ ಮಾತ್ರೆಗಳನ್ನು ಒಮ್ಮೆಲೇ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಸಿಡುಕು ಶುರುವಾಗಬಹುದು. ಥೈರಾಯ್ಡ್ ಮಾತ್ರೆಯೂ ನುಂಗಿದ ಕೂಡಲೇ ಕೆಲಸ ಮಾಡುವುದಿಲ್ಲ. ಡೋಸ್ ಸರಿ ಇದೆಯಾ ಅಂತ ನೋಡಲು ವೈದ್ಯರು ಆರರಿಂದ ಎಂಟು ವಾರ ಬಿಟ್ಟು ಮತ್ತೆ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಮನಸ್ಸು ತಿಳಿಯಾಗಲು ಇನ್ನೂ ಜಾಸ್ತಿ ದಿನ ಹಿಡಿಯಬಹುದು. ಖಿನ್ನತೆಯ ಮಾತ್ರೆಯನ್ನು ಯಾವಾಗ ಇಳಿಸಬೇಕು ಅನ್ನೋದನ್ನು ಇಬ್ಬರು ವೈದ್ಯರೂ ಮಾತಾಡಿಕೊಂಡು ಹೇಳಲಿ.

ಈಗ ಭಾವನವರ ಮಾತಿಗೆ ಬರೋಣ. ಥೈರಾಯ್ಡ್ ಹಾರ್ಮೋನು ಇಡೀ ದೇಹದ ವೇಗವನ್ನು ನಡೆಸುತ್ತದೆ. ಅದು ಕಮ್ಮಿಯಾದರೆ ಕರುಳು ನಿಧಾನ, ಎದೆಬಡಿತ ನಿಧಾನ. ಮಿದುಳೂ ಆ ದೇಹದಲ್ಲೇ ಇದೆ, ಅಲ್ವಾ? 1949ರಲ್ಲಿ ರಿಚರ್ಡ್ ಆಶರ್ ಎಂಬ ಬ್ರಿಟಿಷ್ ವೈದ್ಯರು ಇಂಥ 14 ರೋಗಿಗಳ ಬಗ್ಗೆ ಬರೆದರು. ಭ್ರಮೆ, ಅನುಮಾನ, ವಿಪರೀತ ವರ್ತನೆ, ಹೀಗೆ ನೋಡಿದವರಿಗೆ ಹುಚ್ಚು ಅನ್ನಿಸುವ ಸ್ಥಿತಿ. ಥೈರಾಯ್ಡ್ ಔಷಧಿ ಕೊಟ್ಟ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು.

ಅಕ್ಕನ ಸ್ವೆಟರ್, ಬದಲಾದ ದನಿ, ಎರಡೂ ಸುಳಿವೇ ಆಗಿದ್ದವು. ಇನ್ನೊಂದು ಹಳೇ ಪರೀಕ್ಷೆ ಇದೆ. ಹಿಮ್ಮಡಿಯ ಮೇಲಿನ ದಪ್ಪ ನಾರಿಗೆ ವೈದ್ಯರು ರಬ್ಬರ್ ಸುತ್ತಿಗೆಯಿಂದ ತಟ್ಟುತ್ತಾರೆ. ಪಾದ ಥಟ್ಟನೆ ಮಿಡಿಯುತ್ತದೆ. ಥೈರಾಯ್ಡ್ ತುಂಬಾ ಕಮ್ಮಿ ಇದ್ದವರಲ್ಲಿ ಅದು ವಾಪಸ್ ಬರೋದು ನಿಧಾನ, ಬರಿಗಣ್ಣಿಗೇ ಕಾಣುವಷ್ಟು. ಈಗ ಇದಕ್ಕೆಲ್ಲ ಯಾರಿಗೂ ಪುರಸೊತ್ತಿಲ್ಲ ಬಿಡಿ.

ಥೈರಾಯ್ಡ್ ಒಂದೇ ಅಲ್ಲ. ಅದೇ ಗ್ರಂಥಿ ಅತಿಯಾಗಿ ದುಡಿದರೆ ಎದೆ ಡವಡವ, ಕೈ ನಡುಕ, ಆತಂಕ. ಬಿ12 ವಿಟಮಿನ್ ಕೊರತೆಯಿಂದ ಮರೆವು, ಸಿಡುಕು, ಕೆಲವೊಮ್ಮೆ ಭ್ರಮೆಯೂ ಬರುತ್ತದೆ, ಅದೂ ರಕ್ತಹೀನತೆ ಇಲ್ಲದೆಯೇ. ಹಾಗಾಗಿ ಹಿಮೋಗ್ಲೋಬಿನ್ ಸರಿ ಇದೆ ಅಂತ ಕೈಬಿಡುವ ಹಾಗಿಲ್ಲ. ಸ್ಟೀರಾಯ್ಡ್ ಮಾತ್ರೆ ತಗೊಂಡು ಉನ್ಮಾದಕ್ಕೆ ಹೋದವರಿದ್ದಾರೆ. ನಡುಕ ಕಾಣುವ ಎಷ್ಟೋ ಮೊದಲೇ ಪಾರ್ಕಿನ್ಸನ್ ಕಾಯಿಲೆ ಖಿನ್ನತೆಯ ರೂಪದಲ್ಲಿ ಬರಬಹುದು. 2007ರಲ್ಲಿ ಜೋಸೆಪ್ ಡಾಲ್ಮೌ ಮತ್ತು ಸಂಗಡಿಗರು ಎನ್‌ಎಂಡಿಎ ಎನ್ಸೆಫಲೈಟಿಸ್ ಎಂಬ ಕಾಯಿಲೆಯನ್ನು ಗುರುತಿಸಿದರು. ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳಿನ ಮೇಲೆ ತಿರುಗಿ ಬೀಳುವ ಕಾಯಿಲೆ ಅದು. ಹೆಚ್ಚಾಗಿ ಬರುವುದು ಹರೆಯದ ಹೆಣ್ಣುಮಕ್ಕಳಿಗೆ. ಕೆಲವರಲ್ಲಿ ಅಂಡಾಶಯದ ಗೆಡ್ಡೆಯಿಂದ ಶುರುವಾಗುತ್ತದೆ. ಅದಕ್ಕಿಂತ ಮೊದಲು ಇಂಥವರಲ್ಲಿ ಎಷ್ಟು ಜನರಿಗೆ ಬರೀ ಮನೋರೋಗದ ಹೆಸರು ಅಂಟಿತ್ತೋ!

ದೇಹದ ತೊಂದರೆ ಹೀಗೆ ಮನಸ್ಸನ್ನು ಕೆಡಿಸುವುದು ಮನೆಯವರಿಗೆ ಮೊದಲು ಕಣ್ಣಿಗೆ ಬೀಳುವುದು ವಯಸ್ಸಾದವರಲ್ಲಿ. ನಿನ್ನೆ ಪೇಪರ್ ಓದುತ್ತಿದ್ದ ಅಜ್ಜಿ ಇವತ್ತು ಸಂಜೆ ಹೊದಿಕೆಯ ಅಂಚು ಕಿತ್ತುಕೊಳ್ಳುತ್ತಾ ಮೂಲೆಯಲ್ಲಿ ಮಕ್ಕಳು ನಿಂತಿದ್ದಾರೆ ಅನ್ನುತ್ತಾರೆ. ಬೆಳಿಗ್ಗೆ ಪರವಾಗಿಲ್ಲ, ಕತ್ತಲಾದರೆ ಮತ್ತೆ ಅದೇ. "ವಯಸ್ಸಾಯ್ತು, ಅರಳು ಮರಳು" ಅಂತ ಸುಮ್ಮನಾಗಬೇಡಿ. ಮೂತ್ರದ ಸೋಂಕು, ಸೋಡಿಯಂ ಇಳಿಕೆ, ಹೊಸ ಮಾತ್ರೆ, ಏನಾದರೂ ಇರಬಹುದು. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹಾಗೇ, ಮೊದಲು ಏನೂ ಇಲ್ಲದವರಿಗೆ ನಡುವಯಸ್ಸು ದಾಟಿದ ಮೇಲೆ ಇದ್ದಕ್ಕಿದ್ದಂತೆ ಭ್ರಮೆ ಶುರುವಾದರೆ, ಜೊತೆಗೆ ಜ್ವರ, ಫಿಟ್ಸ್, ಹೊಸ ತಲೆನೋವು, ತೂಕದಲ್ಲಿ ಏರುಪೇರು ಕಂಡರೆ ದೇಹದಲ್ಲಿ ಕಾರಣ ಹುಡುಕಲೇಬೇಕು.

ಹಾಗಂತ ಖಿನ್ನತೆ ಇರುವವರಿಗೆಲ್ಲ ಸ್ಕ್ಯಾನ್ ಬೇಕು ಅಂತಲ್ಲ. ಹೆಚ್ಚಿನವರಲ್ಲಿ ಹೀಗೆ ಬೆರಳಿಟ್ಟು ತೋರಿಸುವಂಥ ಬೇರೆ ಕಾಯಿಲೆ ಸಿಗುವುದಿಲ್ಲ. ಅವರ ನೋವು ಅದರಿಂದ ಒಂದು ಗುಲಗಂಜಿಯಷ್ಟೂ ಕಮ್ಮಿ ಅಲ್ಲ. ಭಾವನವರ ಮಾತಿನಲ್ಲಿ ನನಗೆ ಹಿಡಿಸದೇ ಹೋದದ್ದು ಇದೇ. ರಿಪೋರ್ಟ್ ಕೈಗೆ ಬಂದ ಮೇಲೆ ಅವರಿಗೆ ನಿರಾಳ ಆಗಿದೆ, ಅದು ಸಹಜ. ಆದರೆ ಅಕ್ಕ ಒಂದು ವರ್ಷ ಅತ್ತದ್ದು ನಿಜವಾದ ಖಿನ್ನತೆಯಲ್ಲೇ. ಕಾರಣ ಕುತ್ತಿಗೆಯ ಗ್ರಂಥಿಯಲ್ಲಿ ಸಿಕ್ಕಿತು, ಅಷ್ಟೆ. ಸಿಗದೇ ಹೋಗಿದ್ದರೆ "ತಲೆ ಸರಿ ಇಲ್ಲ" ಅಂತ ಹೇಳಬೇಕಾಗುತ್ತಿತ್ತೇ?

ಇನ್ನು ಮೊದಲಿನ ಚಿಕಿತ್ಸೆ. ಆ ವೈದ್ಯರು ಖಿನ್ನತೆ ಅಂದದ್ದು ತಪ್ಪಲ್ಲ. ಮಾತ್ರೆ ಬರೆಯುವ ಮೊದಲೇ ಒಂದು ಟಿಎಸ್‌ಎಚ್ ಮಾಡಿಸಬೇಕಿತ್ತು, ಅದು ನನ್ನ ಖಚಿತ ಅಭಿಪ್ರಾಯ. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಕೂಡ ಥೈರಾಯ್ಡನ್ನು ಇಳಿಸಬಲ್ಲದು. ಆದ್ದರಿಂದ ಮುಂದಿನ ಸಲ ಹೋಗುವಾಗ ಅಕ್ಕ ನುಂಗುವ ಎಲ್ಲ ಮಾತ್ರೆಯ ಚೀಟಿಯನ್ನೂ ಒಯ್ಯಿರಿ. ಯಾವ ಬದಲಾವಣೆ ಯಾವ ತಿಂಗಳು ಶುರುವಾಯಿತು ಅಂತ ಬರೆದುಕೊಳ್ಳಿ.

ನಿಮ್ಮ ಬಗ್ಗೆ ನೀವು ಏನೂ ಬರೆದಿಲ್ಲ. ಥೈರಾಯ್ಡ್ ತೊಂದರೆ ಒಂದೇ ಮನೆಯ ಹಲವರಲ್ಲಿ ಕಾಣುವುದುಂಟು. ಅಕ್ಕನ ಜೊತೆ ಹೋದಾಗ ನೀವೂ ಒಮ್ಮೆ ರಕ್ತ ಕೊಟ್ಟು ಬನ್ನಿ.