ಬೊಲಿವಿಯಾದಿಂದ ಧಾರವಾಡಕ್ಕೆ ಬಂದದ್ದು ಚಳ್ಳಕೆರೆಗೆ ಬರಲು ಏಕಿಷ್ಟು ತಡ?

ಚಳ್ಳಕೆರೆ ತಾಲ್ಲೂಕಿನ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: ‘ತಳಿ ಸಂಶೋಧನೆಗೆ ಎರಡು ವಿಶ್ವವಿದ್ಯಾಲಯಗಳು ಒಡಂಬಡಿಕೆ ಮಾಡಿಕೊಂಡವು ಎಂದು ನಿಮ್ಮ ಪತ್ರಿಕೆ ಮತ್ತೆ ಮತ್ತೆ ಬರೆಯುತ್ತದೆ. ಕೈಕುಲುಕುವ ಫೋಟೊ ಇರುತ್ತದೆ, ಶಾಲು, ಹಾರ ಇರುತ್ತವೆ. ನಾನು ಬಿತ್ತುವುದು ಮಾತ್ರ ನಮ್ಮ ತಾತ ಬಿತ್ತುತ್ತಿದ್ದ ಟಿಎಂವಿ-2 ಶೇಂಗಾ. ಜಗಳೂರು ಕಡೆಯ ನನ್ನ ಭಾವಮೈದುನನಿಗೆ ಎರಡು ವರ್ಷಕ್ಕೊಂದು ಹೊಸ ಮೆಕ್ಕೆಜೋಳ ಸಿಗುತ್ತದೆ. ಶೇಂಗಾ ಮಾಡಿದ ಪಾಪವೇನು? ಅಥವಾ ಜೈವಿಕ ತಂತ್ರಜ್ಞಾನವೆಂದರೆ ಬೇರೆ ಜೀವಿಯ ಜೀನು ಸೇರಿಸಿದ ಕುಲಾಂತರಿಯೇ ಆಗಿದ್ದರೆ ಬರದಿರುವುದೇ ಒಳ್ಳೆಯದೋ? ನಮ್ಮ ಹೊಲದ ಎಲೆ ಇಟ್ಟಿದ್ದೇನೆ, ನೋಡಿ.’

ಮಾನ್ಯರೇ,

ಎಲೆ ತಲುಪಿತು. ಅಂಚೆಯಲ್ಲಿ ಅರ್ಧ ಪುಡಿಯಾಗಿದ್ದರೂ ಎರಡು ಗಟ್ಟಿಯಾಗಿ ಉಳಿದಿವೆ. ತಿರುವಿ ನೋಡಿದೆ. ಕೆಳಮೈಯಲ್ಲಿ ಇದ್ದಿಲ ಚುಕ್ಕೆ ಇಟ್ಟಂತೆ ಕಪ್ಪು. ಸುತ್ತ ಹಳದಿ ಉಂಗುರವಿರುವ ಕಂದು ಚುಕ್ಕೆಯಾಗಿದ್ದರೆ ಅದು ಬೇಗ ಬರುವ ಎಲೆಚುಕ್ಕೆ. ಇದು ತಡವಾಗಿ ಬಂದು ಗಿಡವನ್ನು ಬೋಳು ಮಾಡಿ ಹೋಗುವ ಜಾತಿ. ಎರಡಕ್ಕೂ ನಮ್ಮಲ್ಲಿ ಟಿಕ್ಕಾ ಎಂಬ ಒಂದೇ ಹೆಸರು. ಒಂದು ಮೂಲೆಯಲ್ಲಿ ಇಟ್ಟಿಗೆಪುಡಿ ಅಂಟಿದ ಹಾಗೆ ತುಕ್ಕು ರೋಗವೂ ಇದೆ. ಕಾಯಿಯ ನಷ್ಟವನ್ನು ನೀವು ಬರೆದಿದ್ದೀರಿ. ಎಲೆಯೆಲ್ಲ ಉದುರಿ ದನಗಳಿಗೆ ಬರೀ ಕಡ್ಡಿ ಉಳಿದ ನಷ್ಟವನ್ನು ಬರೆದಿಲ್ಲ. ನಿಮ್ಮ ಕಡೆ ಅದೇನು ಸಣ್ಣ ಲೆಕ್ಕವಲ್ಲ.

ನಿಮಗೆ ಬೇಸರವಾಗಬಹುದಾದ ಒಂದು ಸಂಗತಿ ಹೇಳಲೇಬೇಕು. ರೋಗ ತಡೆಯುವ ಶೇಂಗಾ ಹುಡುಕುವವರು ಪರೀಕ್ಷೆಯ ತಾಕಿನಲ್ಲಿ ರೋಗ ಚೆನ್ನಾಗಿ ಹಬ್ಬಲಿ ಎಂದು ನಡುನಡುವೆ ಬೇಗ ರೋಗ ತಗಲುವ ತಳಿಯ ಸಾಲು ಬಿತ್ತುತ್ತಾರೆ. ಆ ಸಾಲಿಗೆ ಅವರು ಸಾಮಾನ್ಯವಾಗಿ ಆರಿಸುವುದು ನಿಮ್ಮ ತಾತನ ಟಿಎಂವಿ-2 ಅನ್ನೇ. ಅದು ಕೆಟ್ಟ ತಳಿ ಎಂದು ಹೀಗೆ ಹೇಳುತ್ತಿಲ್ಲ. ತಮಿಳುನಾಡಿನ ತಿಂಡಿವನಂ ಕೇಂದ್ರದಿಂದ 1940ರಲ್ಲಿ ಹೊರಬಂದು, ಎಷ್ಟೋ ಬರ ಕಂಡು, ಇಂದಿಗೂ ಮಸಾರಿ ಹೊಲದಲ್ಲಿ ನಿಂತಿರುವ ಬೀಜಕ್ಕೆ ನಾನೂ ಕೈ ಮುಗಿಯುತ್ತೇನೆ. ಆದರೆ ‘ನಮ್ಮದು’ ಎಂದು ನೀವು ಎದೆಗವಚಿಕೊಂಡಿರುವ ಬೀಜವೂ ಬೇರೆ ಪ್ರಾಂತ್ಯದ ಕೇಂದ್ರವೊಂದು ಆರಿಸಿ ಕೊಟ್ಟದ್ದು. ಶೇಂಗಾವೇ ದಕ್ಷಿಣ ಅಮೆರಿಕದಿಂದ ಬಂದ ನೆಂಟ.

ಹಾಗಾದರೆ ವಿಶ್ವವಿದ್ಯಾಲಯಗಳು ಕೂಡಿ ಏನು ಮಾಡಿದವು? ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4 ಎಂಬ ಶೇಂಗಾ ನಿಮ್ಮ ಎಲೆಯ ಮೇಲಿರುವ ಎರಡೂ ರೋಗಗಳನ್ನು ತಡೆದುಕೊಳ್ಳುತ್ತದೆ. ಆ ಶಕ್ತಿಯ ಬೇರು ಬೊಲಿವಿಯಾದ ಒಂದು ಕಾಡು ಸಸ್ಯದಲ್ಲಿದೆ. ಅರಾಕಿಸ್ ಕಾರ್ಡೆನಾಸಿ ಎಂದು ಅದರ ಹೆಸರು. 1960ರ ದಶಕದಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದವರು ಅದನ್ನು ಶೇಂಗಾದೊಂದಿಗೆ ಕೂಡಿಸಿದರು. ಜೀನುಗಳನ್ನು ಹೊತ್ತ ಎಳೆಗಳಾದ ವರ್ಣತಂತುಗಳು ಕಾಡುಗಿಡದಲ್ಲಿ 20, ನಮ್ಮ ಶೇಂಗಾದಲ್ಲಿ 40. ಕೂಡಿದರೆ ಹುಟ್ಟುವುದು 30ರ ಬಂಜೆ ಗಿಡ, ಹೇಸರಗತ್ತೆಯ ಹಾಗೆ. ಕಾಲ್ಚಿಸಿನ್ ಎಂಬ ರಾಸಾಯನಿಕದಿಂದ ಅದನ್ನು 60ಕ್ಕೆ ಏರಿಸಿ, ಪೀಳಿಗೆಯ ಮೇಲೆ ಪೀಳಿಗೆ ಬೆಳೆಸಿ, ಮತ್ತೆ 40ಕ್ಕೆ ಇಳಿಯುವವರೆಗೆ ಕಾಯಬೇಕು. ಹಾಗೆ ಕಾದವರು ಬೀಜವನ್ನು ಬೀಗ ಹಾಕಿ ಇಟ್ಟುಕೊಳ್ಳದೆ ಹಂಚಿದರು. ಹೈದರಾಬಾದಿನ ಪಕ್ಕದ ಪಟಾಂಚೆರುವಿನಲ್ಲಿರುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ಗೆ ಬಂತು, ಅಲ್ಲಿಂದ ಧಾರವಾಡಕ್ಕೆ ಬಂತು. ಆ ಒಂದು ಕಾಡುಗಿಡದ ಅಂಶ ಇಂದು ಸುಮಾರು 30 ದೇಶಗಳ ಶೇಂಗಾ ತಳಿಗಳಲ್ಲಿ ಸೇರಿಕೊಂಡಿದೆ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕ ಕೊಟ್ಟಿತು. ಇದರಲ್ಲಿ ಎಲ್ಲಿಯೂ ಶಾಲು, ಹಾರ ಕಾಣುವುದಿಲ್ಲ. ಒಂದು ಕೈಯಿಂದ ಇನ್ನೊಂದು ಕೈಗೆ ಹೋದದ್ದು ಬೀಜದ ಪೊಟ್ಟಣ, ಅಷ್ಟೇ.

ಕುಲಾಂತರಿಯ ಭಯಕ್ಕೆ ಬರುತ್ತೇನೆ. ಒಮ್ಮೆ ಸಂಶೋಧನಾ ತಾಕೊಂದರಲ್ಲಿ ಈ ಕೆಲಸವನ್ನು ನಿಂತು ನೋಡಿದ್ದೇನೆ. ಮರುದಿನ ಅರಳಬೇಕಾದ ಶೇಂಗಾ ಮೊಗ್ಗನ್ನು ಸಂಜೆಯೇ ಬಿಡಿಸಿ, ಸಣ್ಣ ಚಿಮಟದಿಂದ ಪರಾಗದ ಚೀಲಗಳನ್ನು ಒಂದೊಂದಾಗಿ ಕೀಳುತ್ತಾರೆ. ಬೆಳಗಿನ ಜಾವ ಬೇರೆ ತಳಿಯ ಪರಾಗ ತಂದು ಸವರಿ, ಗುರುತಿಗೆ ಬಣ್ಣದ ದಾರ ಕಟ್ಟುತ್ತಾರೆ. ನಾನು ನೋಡಿದ ದಿನ ಆ ಕೆಲಸ ಮಾಡುತ್ತಿದ್ದವರು ಇಬ್ಬರು ಹೆಂಗಸರು ಮತ್ತು ಪಿಎಚ್‌ಡಿ ಮಾಡುತ್ತಿದ್ದ ಒಬ್ಬ ಹುಡುಗ. ನೂರು ಹೂವಿಗೆ ಎಷ್ಟು ಕಟ್ಟುತ್ತವೆ ಎಂದು ಕೇಳಿದರೆ ಮೂವರೂ ನಕ್ಕರು. ಜೈವಿಕ ತಂತ್ರಜ್ಞಾನ ಇಲ್ಲಿ ಬರುವುದು ಆಮೇಲೆ. ಎಳೆಯ ಗಿಡದಿಂದ ಅಂಗಿಯ ಗುಂಡಿಯಷ್ಟು ಎಲೆ ಕತ್ತರಿಸಿ, ಅದರ ಡಿಎನ್‌ಎಯಲ್ಲಿ ರೋಗ ತಡೆಯುವ ಭಾಗ ಇದೆಯೇ ಎಂದು ನೋಡುತ್ತಾರೆ. ಇಲ್ಲದ ಗಿಡವನ್ನು ಆಗಲೇ ಕಿತ್ತುಹಾಕುತ್ತಾರೆ. ರೋಗ ಬರುವವರೆಗೆ ಕಾಯುವ ತಿಂಗಳುಗಳು ಉಳಿದವು. ಹೊರಗಿನಿಂದ ಜೀನು ತಂದು ತುರುಕಿದ್ದಿಲ್ಲ. ಆಯ್ಕೆಯ ಕಣ್ಣು ಚುರುಕಾಯಿತು, ಅಷ್ಟೇ. ಧಾರವಾಡದವರು ಇದೇ ದಾರಿಯಲ್ಲಿ ರೋಗ ತಡೆಯುವ ಗುಣವನ್ನು ನಿಮ್ಮ ಟಿಎಂವಿ-2ಕ್ಕೇ ಕೂಡಿಸುವ ಕೆಲಸವನ್ನೂ ಮಾಡಿದ್ದಾರೆ. ತಾತನ ಬೀಜ ತಾತನದೇ ಆಗಿರಲಿ, ರೋಗ ಮಾತ್ರ ಬಿಡಲಿ ಎಂಬ ಲೆಕ್ಕಾಚಾರ ನನಗೆ ತುಂಬಾ ಹಿಡಿಸಿತು.

ಎಲ್ಲ ಸಹಯೋಗವೂ ಹೀಗೆಯೇ ನಡೆದಿಲ್ಲ. ಬಿಟಿ ಬದನೆ ಎಂಬ ಕುಲಾಂತರಿ ಬೆಳೆಯ ಯೋಜನೆಯ ಮುಂದಾಳತ್ವ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ್ದು. ಧಾರವಾಡ, ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯಗಳೂ ಮಹಿಕೋ ಎಂಬ ಬೀಜ ಕಂಪನಿಯೂ ಅದರಲ್ಲಿದ್ದವು. ಉಡುಪಿ, ಮಲಾಪುರ, ಕುಡಚಿಯ ನಾಟಿ ಬದನೆಗಳನ್ನು 2002ರ ಜೈವಿಕ ವೈವಿಧ್ಯ ಕಾಯ್ದೆಯಂತೆ ಅನುಮತಿ ಪಡೆಯದೆ ಬಳಸಿದರು ಎಂಬ ದೂರು ಎದ್ದು, ವಿವಾದ ನ್ಯಾಯಾಲಯದವರೆಗೆ ಹೋಯಿತು. ಅದಕ್ಕೂ ಮೊದಲೇ, 2010ರ ಫೆಬ್ರವರಿ 9ರಂದು, ಕೇಂದ್ರ ಸರ್ಕಾರ ಆ ಬದನೆಯನ್ನು ತಡೆಹಿಡಿದಿತ್ತು. ಆದ್ದರಿಂದ ನಿಮ್ಮ ಅನುಮಾನ ಅಜ್ಞಾನವಲ್ಲ. ಯಾರ ಹಿತ್ತಲಿನ ಬೀಜ, ಯಾರ ಒಪ್ಪಿಗೆ ಎಂಬ ಪ್ರಶ್ನೆಯನ್ನು ಒಡಂಬಡಿಕೆಯ ಮೊದಲ ಪುಟದಲ್ಲೇ ಕೇಳಬೇಕು.

ಈಗ ನಿಮ್ಮ ಭಾವಮೈದುನನ ಮೆಕ್ಕೆಜೋಳ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಮತ್ತು ಮೆಕ್ಕೆಜೋಳ, ಗೋಧಿಯ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಸಿಮಿಟ್ ಸೇರಿ 2021ರ ಡಿಸೆಂಬರ್‌ನಲ್ಲಿ ಕುಣಿಗಲ್‌ನಲ್ಲಿ ಒಂದು ಕೇಂದ್ರ ತೆರೆದಿವೆ. ಹೈಬ್ರಿಡ್‌ಗೆ ತಂದೆತಾಯಿಯಾಗುವ, ಆರೆಂಟು ಪೀಳಿಗೆ ಹಿಡಿಯುತ್ತಿದ್ದ ಶುದ್ಧ ಸಾಲುಗಳನ್ನು ಅಲ್ಲಿ ಎರಡು ಹಂಗಾಮಿನಲ್ಲಿ ತೆಗೆಯುತ್ತಾರೆ. ಆದರೆ ಮೆಕ್ಕೆಜೋಳ ಓಡುವುದಕ್ಕೆ ಇಷ್ಟೇ ಕಾರಣವಲ್ಲ. ಎಕರೆಗೆ ಎಂಟು ಕಿಲೋ ಬೀಜ ಸಾಕು, ಹೈಬ್ರಿಡ್ ಆದ್ದರಿಂದ ರೈತ ಪ್ರತಿ ವರ್ಷ ಕೊಳ್ಳಲೇಬೇಕು. ಕಂಪನಿಗಳು ಬಾಗಿಲಿಗೇ ಬರುತ್ತವೆ.

ಶೇಂಗಾದ ಕಥೆ ಉಲ್ಟಾ. ಎಕರೆಗೆ 50 ಕಿಲೋ ಬೀಜ ಬೇಕು, ಕಾಯಿಯ ಲೆಕ್ಕದಲ್ಲಿ 70 ಕಿಲೋ. ಒಂದು ಬಿತ್ತಿದರೆ ಎಂಟು ಬಂದರೆ ಪುಣ್ಯ. ಹೊಸ ತಳಿಯ ಒಂದು ಕ್ವಿಂಟಲ್ ಕಾಯಿಯನ್ನು ಮೂರು ಹಂಗಾಮು ಒಂದು ಕಾಳೂ ತಿನ್ನದೆ ಬೆಳೆಸಿದರೆ 512 ಕ್ವಿಂಟಲ್. ಅದು ಸುಮಾರು 730 ಎಕರೆಗೆ ಸಾಕು. ನಡುವೆ ಒಂದು ಮುಂಗಾರು ಕೈಕೊಟ್ಟರೆ ಮತ್ತೆ ಮೊದಲಿನಿಂದ. ಒಮ್ಮೆ ಕೊಂಡ ರೈತ ಮುಂದೆ ತನ್ನ ಬೀಜವನ್ನೇ ಬಿತ್ತುತ್ತಾನೆ, 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯೂ ಆ ಹಕ್ಕು ಕೊಟ್ಟಿದೆ. ಹಾಗಾಗಿ ಲಾಭ ನೋಡುವ ಕಂಪನಿ ಇತ್ತ ತಲೆ ಹಾಕುವುದಿಲ್ಲ. ಬೀಜ ಹೆಚ್ಚಿಸುವ ಹೊಣೆ ಸರ್ಕಾರದ ಮೇಲೆ, ವಿಶ್ವವಿದ್ಯಾಲಯಗಳ ಮೇಲೆ ಉಳಿಯುತ್ತದೆ. ಅಲ್ಲಿ ಗಡಿಗಳಿವೆ: ಜಿಪಿಬಿಡಿ-4 ಧಾರವಾಡದ್ದು, ಚಿತ್ರದುರ್ಗ ಮತ್ತು ದಾವಣಗೆರೆ 2012ರಲ್ಲಿ ಆರಂಭವಾದ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿವೆ. ಬೊಲಿವಿಯಾದ ಗುಣ ಸಮುದ್ರ ದಾಟಿ ಧಾರವಾಡಕ್ಕೆ ಬಂದಿತು. ಅಲ್ಲಿಂದ ನಿಮ್ಮ ಕೂರಿಗೆಯವರೆಗಿನ ದಾರಿಗೆ ಯಾರೂ ಒಡಂಬಡಿಕೆ ಬರೆದ ಸುದ್ದಿ ನನ್ನ ಮೇಜಿಗೆ ಬಂದಿಲ್ಲ. ಬಂದಿದ್ದರೆ ಆ ಫೋಟೊವನ್ನು ಮುಖಪುಟದಲ್ಲೇ ಹಾಕುತ್ತಿದ್ದೆ.

ಫೋಟೊದ ವಿಷಯದಲ್ಲಿ ನಿಮ್ಮ ಏಟು ಸರಿಯಾಗಿಯೇ ಬಿದ್ದಿದೆ. ಕಚೇರಿಯಲ್ಲಿ ಕುಳಿತು ಬಂದ ಪ್ರಕಟಣೆಯನ್ನು ಹಾಗೇ ಅಚ್ಚಿಗೆ ಕಳುಹಿಸುವುದು ಸುಲಭ. ಮುಂದಿನ ತಿಂಗಳಿನಿಂದ ಒಡಂಬಡಿಕೆಯ ಸುದ್ದಿ ಬಂದರೆ ಯಾವ ಬೆಳೆ, ಯಾವ ಬೀಜ, ರೈತರಿಗೆ ಯಾವ ವರ್ಷ, ಎಷ್ಟು ಕ್ವಿಂಟಲ್ ಎಂದು ಕೇಳಿ, ಉತ್ತರ ಬಂದ ಮೇಲೆ ಹಾಕುತ್ತೇವೆ.

ನೀವು ಒಂದು ಕೆಲಸ ಮಾಡಿ. ಶಿವಮೊಗ್ಗ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಾದ ಹಿರಿಯೂರಿನ ಬಬ್ಬೂರು ಫಾರಂಗೆ ಹೋಗಿ, ಟಿಕ್ಕಾ ಮತ್ತು ತುಕ್ಕು ತಡೆಯುವ ಶೇಂಗಾ ಬೀಜ ಹತ್ತು ಕಿಲೋ ಬೇಕೆಂದು ಬರವಣಿಗೆಯಲ್ಲಿ ಕೇಳಿ. ಅರ್ಜಿಯ ಪ್ರತಿ ನನಗೆ ಕಳುಹಿಸಿ. ಅವರಲ್ಲಿ ಇಲ್ಲವೆಂದರೆ ಧಾರವಾಡಕ್ಕೆ ನಾನೇ ಬರೆಯುತ್ತೇನೆ. ಸಿಕ್ಕರೆ ಇಡೀ ಹೊಲಕ್ಕೆ ಬೇಡ. ಟಿಎಂವಿ-2ರ ಪಕ್ಕದಲ್ಲೇ ಒಂದು ಪಟ್ಟಿ ಬಿತ್ತಿ. ತೊಂಬತ್ತನೆಯ ದಿನ ಎರಡರಿಂದಲೂ ಹತ್ತು ಹತ್ತು ಗಿಡ ಕಿತ್ತು, ಉಳಿದ ಎಲೆ ಎಷ್ಟು, ಕಾಯಿ ಎಷ್ಟು ಎಂದು ಎಣಿಸಿ ಬರೆದಿಡಿ. ಯಾವುದರ ಹೊಟ್ಟಿಗೆ ಎತ್ತು ಮೊದಲು ಬಾಯಿ ಹಾಕಿತು ಎಂಬುದನ್ನೂ ಬರೆಯಿರಿ. ಈ ಸಲ ಎಲೆಗಳನ್ನು ಹಳೆಯ ಪತ್ರಿಕೆಯ ನಡುವೆ ಒತ್ತಿ, ರಟ್ಟಿನ ಜೊತೆ ಕಳುಹಿಸಿ.

— ಸಂಪಾದಕ